ಸಾಲಕ್ಕಿಂತ ಮೊದಲು ಹತ್ತು ನಿಮಿಷದ ಚಿತ್ರ

ಚಲಚ್ಚಿತ್ರ ನಿರ್ದೇಶಕರಾಗಬೇಕೆಂಬ ಹಂಬಲವು ಹೊರನಾಡಿನಲ್ಲಿರುವ ನಮ್ಮವರ ಮಕ್ಕಳಲ್ಲಿಯೂ ಕಾಣಿಸಿಕೊಂಡಿದೆ. ಸಂತೋಷವೇ. ಆದರೆ ಈ ಹಂಬಲವನ್ನೇ ಬಂಡವಾಳ ಮಾಡಿಕೊಂಡು ಲಕ್ಷಗಟ್ಟಲೆ ಶುಲ್ಕ ಪಡೆಯುವ ಖಾಸಗಿ ತರಗತಿಗಳೂ ಹುಟ್ಟಿಕೊಂಡಿವೆ. ಊರಿನ ಜಮೀನಿನ ಮೇಲೆ ಸಾಲವೆತ್ತಿ ಮಗನನ್ನು ಅಲ್ಲಿಗೆ ಸೇರಿಸೋಣವೇ ಎಂದು ನಮ್ಮನ್ನು ಕೇಳುವ ತಂದೆಯರುಂಟು. ಹುಡುಗನು ಮೊದಲು ಹತ್ತು ನಿಮಿಷದ ಒಂದು ಚಿತ್ರವನ್ನು ಕಥೆಯಿಂದ ಜೋಡಣೆಯವರೆಗೆ ತಾನೇ ಮಾಡಿ ಮುಗಿಸಲಿ, ಸಾಲದ ಮಾತು ಆಮೇಲೆ ಎಂಬುದು ನಮ್ಮ ಉತ್ತರ.

ಇದಕ್ಕೆ ಕಾಶಿಯಲ್ಲಿ ಚಿತ್ರ ತೆಗೆದವರನ್ನೇ ನಿದರ್ಶನವಾಗಿ ಕೊಡಬಹುದು. ಅಲ್ಲಿಯ ಘಾಟುಗಳನ್ನು ಲೋಕಕ್ಕೆ ತೋರಿಸಿದ 'ಅಪರಾಜಿತೋ' 1956ರಲ್ಲಿ ತೆರೆಕಂಡು, ಮರುವರ್ಷ ವೆನಿಸ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಅದರ ನಿರ್ದೇಶಕ ಸತ್ಯಜಿತ್ ರಾಯ್ ಅವರು ಯಾವ ಚಿತ್ರಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ; ಕಲಕತ್ತೆಯ ಜಾಹೀರಾತು ಕಂಪೆನಿಯಲ್ಲಿ ಚಿತ್ರಕಾರರಾಗಿದ್ದವರು. 1952ರಲ್ಲಿ 'ಪಥೇರ್ ಪಾಂಚಾಲಿ'ಯನ್ನು ಆರಂಭಿಸಿದಾಗ ಅವರ ಛಾಯಾಗ್ರಾಹಕ ಸುಬ್ರತ ಮಿತ್ರರು ಇಪ್ಪತ್ತರ ಆಚೀಚಿನ ತರುಣ. ಚಲಚ್ಚಿತ್ರದ ಕ್ಯಾಮರಾವನ್ನು ಅದುವರೆಗೆ ನಡೆಸಿದವರೇ ಅಲ್ಲ. ಒಂದು ಭಾನುವಾರ ಕಾಶಹುಲ್ಲಿನ ಹೂಗಳ ನಡುವೆ ಒಂದಿಷ್ಟು ಚಿತ್ರ ತೆಗೆದು, ಮುಂದಿನ ವಾರ ಹೋಗಿ ನೋಡಿದರೆ ಹೂಗಳನ್ನೆಲ್ಲ ದನಗಳು ಮೇದು ಮುಗಿಸಿದ್ದವು! ಆ ದೃಶ್ಯಕ್ಕೆ ಮರುವರ್ಷದ ಹೂವನ್ನೇ ಕಾಯಬೇಕಾಯಿತು.

ಅದೇ ಮಿತ್ರರು 'ಅಪರಾಜಿತೋ'ದಲ್ಲಿ ಮಾಡಿದ್ದನ್ನು ನೋಡಿರಿ. ಕಾಶಿಯ ಹಳೆಯ ಮನೆಗಳಲ್ಲಿ ಒಳ ಅಂಗಳಕ್ಕೆ ಬೆಳಕು ಆಕಾಶದಿಂದ ಮಾತ್ರ ಇಳಿಯುತ್ತದೆ. ಅದಕ್ಕೆ ಗಡುಸಾದ ನೆರಳಿಲ್ಲ. ಅಂಥ ಮನೆಯೊಂದನ್ನು ಕಲಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದಾಗ, ನೇರವಾಗಿ ದೀಪ ಹಾಯಿಸಿದರೆ ನೆರಳುಗಳು ಬಿದ್ದು ಮೋಸ ಹೊರಬೀಳುತ್ತಿತ್ತು. ಮಿತ್ರರು ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ಬಟ್ಟೆಯತ್ತ ತಿರುಗಿಸಿ, ಅಲ್ಲಿಂದ ಮರಳಿದ ಮೆದುವಾದ ಬೆಳಕಿನಲ್ಲಿ ಚಿತ್ರ ತೆಗೆದರು. ಕೆಲಸವೇ ಈ ಉಪಾಯವನ್ನು ಕಲಿಸಿತು.

ನಾವು ಹೋಟೆಲಿನಿಂದ ಪತ್ರಿಕೆಗೆ ಬಂದವರು. ಕಾವಲಿಯ ಕಾವನ್ನು ಭಾಷಣದಿಂದ ಯಾರಿಗೂ ಕಲಿಸಲಾಗದು. ನೀರು ಚಿಮುಕಿಸಿ ಸದ್ದು ಕೇಳಬೇಕು, ನಾಲ್ಕು ದೋಸೆ ಹತ್ತಿಕೊಳ್ಳಬೇಕು. ಚಿತ್ರವೂ ಹಾಗೆಯೇ. ಘಾಟಿನ ಗಾಳಿಯು ಮಾತನ್ನು ನುಂಗಿದ್ದು, ಅಂಬಿಗನು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ನೋಡಿ ದೃಶ್ಯಗಳು ಕೂಡದೆ ಹೋದದ್ದು ತಿಳಿಯುವುದು ಜೋಡಣೆಗೆ ಕುಳಿತಾಗಲೇ. ಹತ್ತು ನಿಮಿಷದ ಚಿತ್ರದಲ್ಲಿ ಈ ನಷ್ಟವನ್ನು ತಾಳಿಕೊಳ್ಳಬಹುದು.

2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ಗಳಿಸಿದ ಕನ್ನಡ ಕಿರುಚಿತ್ರವನ್ನು ವಾಚಕರು ಬಲ್ಲರು. ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದ ಕಥೆ. ನಾಲ್ಕೇ ದಿನಗಳಲ್ಲಿ ಚಿತ್ರೀಕರಣವಾದದ್ದು. ನಿರ್ದೇಶಕ ಚಿದಾನಂದ ನಾಯ್ಕರು ವೈದ್ಯಶಿಕ್ಷಣ ಪಡೆದವರು. ಅವರು ಪುಣೆಯ ಸರಕಾರಿ ಸಂಸ್ಥೆಯಲ್ಲಿ ಕಲಿತವರಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ನಾವು ಶಾಲೆಯ ವಿರೋಧಿಗಳಲ್ಲ. ಆದರೆ ಅಲ್ಲಿಯೂ ವಿದ್ಯಾರ್ಥಿಯ ಕೈಯಿಂದ ಹೊರಬಂದದ್ದು ಕಿರುಚಿತ್ರವೇ. ಕಾಶಿಯನ್ನು ಕುರಿತ 'ಮಸಾನ್' ಚಿತ್ರದಿಂದ 2015ರಲ್ಲಿ ಹೆಸರಾದ ನೀರಜ್ ಘಾಯ್ವಾನರೂ ಮೊದಲು ಕಿರುಚಿತ್ರಗಳಲ್ಲಿ ಪಳಗಿದವರು.

ಆದುದರಿಂದ ಕಾಶಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಕನ್ನಡ ತರುಣರು ಕೈಯಲ್ಲಿರುವ ಫೋನಿನಿಂದಲೇ ಆರಂಭಿಸಲಿ. ಗಂಗಾರತಿಯನ್ನು ಬಿಟ್ಟುಬಿಡಲಿ, ಅದನ್ನು ದಿನವೂ ಸಾವಿರ ಜನ ತೆಗೆಯುತ್ತಾರೆ. ಮಣಿಕರ್ಣಿಕೆಯ ಚಿತೆಗಳತ್ತ ಕ್ಯಾಮರಾ ತಿರುಗಿಸುವುದು ಮರ್ಯಾದೆಯಲ್ಲ. ದೋಣಿಯ ಬಿರುಕು ಮುಚ್ಚುವ ಒಬ್ಬ ಅಂಬಿಗ, ಜಂಗಮವಾಡಿ ಮಠದಲ್ಲಿ ಕನ್ನಡ ಮಾತಾಡುತ್ತ ಕುಳಿತ ಒಬ್ಬ ಯಾತ್ರಿಕ ಸಾಕು. ಅವರ ಒಪ್ಪಿಗೆ ಮಾತ್ರ ಮೊದಲು ಬೇಕು.

ನಮ್ಮ ಸಂಘಗಳವರು ವಾರ್ಷಿಕೋತ್ಸವದಲ್ಲಿ ಒಂದು ಭಾಷಣವನ್ನು ಕಡಮೆ ಮಾಡಿ (ಯಾರೂ ಬೇಸರಪಡಲಾರರು) ಇಂಥದೊಂದು ಚಿತ್ರವನ್ನು ತೋರಿಸಲಿ. ಸಭಿಕರು ಎಲ್ಲಿ ಕೆಮ್ಮಿದರು, ಎಲ್ಲಿ ಸುಮ್ಮನಾದರು ಎಂಬುದನ್ನು ಹುಡುಗನು ಹಿಂದಿನ ಸಾಲಿನಲ್ಲಿ ನಿಂತು ಗುರುತಿಸಿಕೊಳ್ಳಲಿ.