ಪೆಟ್ಟಿಗೆಯಲ್ಲಿದೆ ಎಂಬ ನಂಬಿಕೆ

ವಠಾರದ ಮನೆಯಲ್ಲಿ ಬಾಳಿದವರಿಗೆ ಒಂದು ಸತ್ಯ ಚೆನ್ನಾಗಿ ತಿಳಿದಿರುತ್ತದೆ. ಪ್ರತಿಯೊಂದು ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಬೀಗ, ತನ್ನದೇ ಒಲೆ ಉಂಟು. ಬಾವಿ ಮಾತ್ರ ಎಲ್ಲರಿಗೂ ಸೇರಿ ಒಂದೇ. ಮೂರನೆಯ ಮನೆಯಲ್ಲಿ ಮದುವೆಯ ಗಡಿಬಿಡಿಯಾದರೆ ಏಳನೆಯ ಮನೆಯವರ ಸ್ನಾನ ತಡವಾಗುತ್ತದೆ. ಆ ಏಳನೆಯ ಮನೆಯ ಗೃಹಿಣಿ ತನ್ನ ಹಂಡೆಯನ್ನು ಎಷ್ಟು ತಿರುಗಿಸಿ ನೋಡಿದರೂ ದೋಷ ಅಲ್ಲಿ ಸಿಕ್ಕುವುದಿಲ್ಲ.

ಇಂದಿನ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರ್ ಕೋಣೆಯಲ್ಲಿ ನಡೆಯುತ್ತಿರುವುದೂ ಇಂಥ ವಠಾರದ ಸಂಸಾರವೇ. ಹಿಂದೆ ಸಂಬಳದ ಲೆಕ್ಕಕ್ಕೊಂದು, ಅಂಚೆಗೊಂದು, ದಾಸ್ತಾನಿಗೊಂದು ಎಂದು ಬೇರೆ ಬೇರೆ ಸರ್ವರ್ ಯಂತ್ರಗಳನ್ನು ಕೊಳ್ಳುತ್ತಿದ್ದರು. ಅವುಗಳಲ್ಲಿ ಹಲವು ದಿನದ ಬಹುಭಾಗ ಕೆಲಸವಿಲ್ಲದೆ ವಿದ್ಯುತ್ತನ್ನು ಮಾತ್ರ ಉಣ್ಣುತ್ತ ಕುಳಿತಿರುತ್ತಿದ್ದವು. ಈಗ ಒಂದೇ ದೊಡ್ಡ ಯಂತ್ರವನ್ನು ‘ಹೈಪರ್‌ವೈಸರ್’ ಎಂಬ ತಂತ್ರಾಂಶವು ಹತ್ತು ಇಪ್ಪತ್ತು ಯಂತ್ರಗಳಾಗಿ ತೋರುವಂತೆ ಮಾಡುತ್ತದೆ. ಒಳಗಿರುವ ಒಂದೊಂದು ತೋರಿಕೆಯ ಯಂತ್ರವೂ ಇಡೀ ಮನೆ ತನ್ನೊಬ್ಬನದೇ ಎಂದು ನಂಬಿ ನಡೆಯುತ್ತದೆ. ಇದಕ್ಕೇ ವರ್ಚುವಲ್ ಸರ್ವರ್ ಎಂದು ಹೆಸರು. ಉಪಾಯವೇನೂ ಹೊಸದಲ್ಲ. ಅಮೆರಿಕದ ಐ.ಬಿ.ಎಂ. ಸಂಸ್ಥೆ ತನ್ನ ಭಾರೀ ಯಂತ್ರಗಳಿಗಾಗಿ ವಿ.ಎಂ./370 ಎಂಬ ಇಂಥ ವ್ಯವಸ್ಥೆಯನ್ನು 1972ರಲ್ಲಿಯೇ ಹೊರತಂದಿತ್ತು. ಅದನ್ನು ಸಾಮಾನ್ಯ ಕಚೇರಿಗಳ ಯಂತ್ರಗಳ ಮಟ್ಟಕ್ಕೆ ಇಳಿಸಿ ತಂದವರಲ್ಲಿ, 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ವಿಎಂವೇರ್ ಸಂಸ್ಥೆ ಮುಖ್ಯವಾದುದು.

ಈ ವಠಾರದ ಬಾವಿಯೆಂದರೆ ಸ್ಟೋರೇಜ್. ಹತ್ತಾರು ಡಿಸ್ಕುಗಳನ್ನು ಒಂದೇ ಕಪಾಟಿನಲ್ಲಿ ಜೋಡಿಸಿ, ಎಲ್ಲ ಸರ್ವರುಗಳೂ ಅದರಿಂದಲೇ ಮಾಹಿತಿಯನ್ನು ಸೇದಿಕೊಳ್ಳುವಂತೆ ಏರ್ಪಾಡು ಮಾಡಿರುತ್ತಾರೆ. ಆದುದರಿಂದಲೇ ಇಲ್ಲಿ ರೋಗ ಒಂದು ಕಡೆ, ಲಕ್ಷಣ ಇನ್ನೊಂದು ಕಡೆ. ಲೆಕ್ಕದ ವಿಭಾಗದವರು ತಮ್ಮ ಸರ್ವರ್ ತೆವಳುತ್ತಿದೆಯೆಂದು ದೂರುತ್ತಾರೆ. ಅನುಭವವಿಲ್ಲದವನು ಆ ಸರ್ವರನ್ನೇ ಬಿಚ್ಚಿ ಕೂರುತ್ತಾನೆ. ಅನುಭವಿಯಾದವನಾದರೋ, ಆ ಹೊತ್ತಿನಲ್ಲಿ ಬಾವಿಯ ಬಳಿ ಯಾರು ಯಾರು ಕೊಡ ಹಿಡಿದು ನಿಂತಿದ್ದಾರೆಂದು ಮೊದಲು ನೋಡುತ್ತಾನೆ. ಡಿಸ್ಕು ಉತ್ತರ ಕೊಡಲು ಹಿಡಿಯುವ ಕಾಲವನ್ನು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಅಳೆಯುತ್ತಾರೆ. ಅದು ಹತ್ತರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಇಪ್ಪತ್ತನ್ನು ದಾಟಿ ಅಲ್ಲಿಯೇ ನಿಂತರೆ ದೂರುಗಳು ಆರಂಭವಾಗುತ್ತವೆ. ಎಷ್ಟೋ ಸಲ ಕಾರಣ ಇಷ್ಟೆ: ಎಲ್ಲ ಸರ್ವರುಗಳೂ ಒಂದೇ ಗಂಟೆಗೆ ವೈರಸ್ ತಪಾಸಣೆಯನ್ನು ಆರಂಭಿಸಿರುತ್ತವೆ. ಸರದಿ ಹಾಕಿಕೊಟ್ಟರೆ ಜಗಳ ತಾನಾಗಿ ನಿಲ್ಲುತ್ತದೆ.

ಎರಡನೆಯ ತೊಡಕು ಆಶ್ವಾಸನೆಯದು. ಹತ್ತು ಸಂಸಾರಗಳಿಗೂ ತಲಾ ನೂರು ಕೊಡ ನೀರು ಎಂದು ಮಾತು ಕೊಟ್ಟಿರುತ್ತಾರೆ. ಬಾವಿಯಲ್ಲಿರುವುದು ಆರುನೂರು ಕೊಡ. ಎಲ್ಲರೂ ಒಟ್ಟಿಗೆ ಕೇಳಲಾರರೆಂಬ ಧೈರ್ಯದ ಮೇಲೆ ಈ ವ್ಯವಹಾರ ನಡೆಯುತ್ತದೆ, ಬಹುಕಾಲ ಚೆನ್ನಾಗಿಯೇ ನಡೆಯುತ್ತದೆ. ಆದರೆ ಸ್ಟೋರೇಜಿನ ಕೊನೆಯ ಜಾಗ ತುಂಬಿದ ದಿನ, ಬರೆಯಲು ತಾವಿಲ್ಲದೆ ಹಲವು ಸರ್ವರುಗಳು ಒಮ್ಮೆಗೇ ನಿಂತುಬಿಡುತ್ತವೆ. ಕೊಟ್ಟ ಮಾತನ್ನೂ ಇರುವ ನೀರನ್ನೂ ವಾರಕ್ಕೊಮ್ಮೆ ತಾಳೆ ನೋಡುವುದೊಂದೇ ಇದಕ್ಕೆ ಮದ್ದು.

ಮೂರನೆಯದು, ಎಲ್ಲಕ್ಕಿಂತ ಮೋಸದ್ದು, ‘ಸ್ನ್ಯಾಪ್‌ಶಾಟ್’. ಹೆಸರು ಕೇಳಿದವರು ಸರ್ವರಿನ ಛಾಯಾಚಿತ್ರವೊಂದನ್ನು ತೆಗೆದಿಟ್ಟಂತಾಯಿತೆಂದು ನೆಮ್ಮದಿಪಡುತ್ತಾರೆ. ವಿಎಂವೇರ್ ವ್ಯವಸ್ಥೆಯಲ್ಲಿ ನಡೆಯುವುದು ಬೇರೆ. ಗುಮಾಸ್ತನೊಬ್ಬ ಲೆಕ್ಕದ ಪುಸ್ತಕವನ್ನು ಮುಚ್ಚಿ, ಇಂದಿನಿಂದ ಆಗುವ ಬದಲಾವಣೆಗಳನ್ನೆಲ್ಲ ಬಿಡಿ ಚೀಟಿಗಳಲ್ಲಿ ಬರೆಯತೊಡಗಿದಂತೆ, ಹಳೆಯ ಡಿಸ್ಕು ಹಾಗೆಯೇ ನಿಂತು, ಹೊಸದೆಲ್ಲ ಬೇರೊಂದು ಫೈಲಿಗೆ ಹೋಗುತ್ತದೆ. ಪುಸ್ತಕವೇ ಸುಟ್ಟುಹೋದರೆ ಚೀಟಿಗಳಿಂದ ಏನು ಪ್ರಯೋಜನ? ಮೇಲಾಗಿ ಚೀಟಿಗಳ ಕಟ್ಟು ದಿನೇ ದಿನೇ ಬೆಳೆಯುತ್ತದೆ; ಅವನ್ನು ಮರಳಿ ಪುಸ್ತಕಕ್ಕೆ ಏರಿಸುವ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದೂ, ಅದನ್ನು ಬ್ಯಾಕಪ್ ಎಂದು ನಂಬಬಾರದೆಂದೂ ಆ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿದೆ.

ಹಾಗಾದರೆ ಒಂದರ ಪಕ್ಕದಲ್ಲಿ ಅದರ ಪಡಿಯಚ್ಚಿನಂತೆ ಇನ್ನೊಂದು ಯಂತ್ರವನ್ನು ನಡೆಸಿದರೆ ಸಾಲದೆ? ಡಿಸ್ಕು ಕೆಟ್ಟಾಗ ಅದು ನಿಜವಾಗಿಯೂ ಕೈಹಿಡಿಯುತ್ತದೆ. ಆದರೆ ಕನ್ನಡಿಗೆ ಒಳಿತು ಕೆಡುಕುಗಳ ವಿವೇಚನೆ ಇಲ್ಲ. ಇಲ್ಲಿ ಅಳಿಸಿದ್ದು ಮರುಕ್ಷಣದಲ್ಲಿ ಅಲ್ಲಿಯೂ ಅಳಿಸುತ್ತದೆ.

ಈ ಮಾತುಗಳಿಗೆಲ್ಲ ಒಂದೇ ರಾತ್ರಿಯಲ್ಲಿ ನಿದರ್ಶನ ದೊರೆತ ಪ್ರಸಂಗವೊಂದುಂಟು. ಗಿಟ್‌ಲ್ಯಾಬ್ ಎಂಬುದು ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಇಟ್ಟುಕೊಳ್ಳುವ ಉಗ್ರಾಣ. 2017ರಲ್ಲಿ ಅದರ ಸರ್ವರುಗಳು ಮೈಕ್ರೋಸಾಫ್ಟ್ ಸಂಸ್ಥೆಯ ‘ಅಜ್ಯೂರ್’ ಎಂಬ ಬಾಡಿಗೆಯ ವಠಾರದಲ್ಲಿದ್ದವು. ಆ ವರ್ಷದ ಜನವರಿ 31ರ ರಾತ್ರಿ ಮುಖ್ಯ ದತ್ತಾಂಶ ಸರ್ವರಿನ ಮೇಲೆ ವಿಪರೀತ ಭಾರ ಬಿದ್ದು, ಅದರ ಜೊತೆಯಲ್ಲಿ ನಡೆಯಬೇಕಾಗಿದ್ದ ಎರಡನೆಯ ಸರ್ವರ್ ಹಿಂದೆ ಬಿತ್ತು. ಅದನ್ನು ಸರಿಪಡಿಸಲು ಕುಳಿತ ಎಂಜಿನಿಯರನು ಹಲವು ಸಲ ಯತ್ನಿಸಿ ಬಳಲಿದ್ದನು. ಎರಡನೆಯ ಸರ್ವರಿನ ಹಳೆಯ ಕಡತಗಳನ್ನು ಅಳಿಸಿ ಮೊದಲಿನಿಂದ ನಕಲು ಮಾಡೋಣವೆಂದು ಆಜ್ಞೆ ಕೊಟ್ಟನು. ಗ್ರೀನಿಚ್ ಗಡಿಯಾರದಲ್ಲಿ ಆಗ ರಾತ್ರಿ ಸುಮಾರು 11-30; ಭಾರತದಲ್ಲಿ ಬೆಳಗಿನ 5 ಗಂಟೆ.

ಆಜ್ಞೆ ಹೋದದ್ದು ಎರಡನೆಯ ಸರ್ವರಿಗಲ್ಲ, ಮೊದಲನೆಯದಕ್ಕೆ. ಎರಡರ ಹೆಸರುಗಳಿಗೂ ಇದ್ದ ಅಂತರ ಒಂದೇ ಒಂದು ಅಂಕೆ. ಒಂದೆರಡು ಸೆಕೆಂಡುಗಳಲ್ಲಿ ಅವನು ಬೆಚ್ಚಿ ಕೈ ತಡೆದನು. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನ ದತ್ತಾಂಶದಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ.

ಬ್ಯಾಕಪ್ ಇದೆಯಲ್ಲ ಎಂದು ಎಲ್ಲರೂ ಧೈರ್ಯ ತಂದುಕೊಂಡರು. ಒಂದೊಂದಾಗಿ ಪೆಟ್ಟಿಗೆಗಳನ್ನು ತೆರೆಯತೊಡಗಿದರು. ದಿನವೂ ದತ್ತಾಂಶವನ್ನು ಬರೆದು ಅಮೆಜಾನ್ ಸಂಸ್ಥೆಯ ಉಗ್ರಾಣಕ್ಕೆ ಕಳಿಸುವ ಏರ್ಪಾಡಿತ್ತು; ಆ ಉಗ್ರಾಣ ಬರಿದಾಗಿತ್ತು. ದತ್ತಾಂಶದ ತಂತ್ರಾಂಶ 9.6ನೆಯ ಆವೃತ್ತಿಯದು, ನಕಲು ಮಾಡುವ ತಂತ್ರಾಂಶ 9.2ರದು; ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದೆ ಕೆಲಸ ಪ್ರತಿದಿನವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳು ಹೋಗುತ್ತಲೇ ಇದ್ದವು. ಅವು ಅಧಿಕೃತವೆಂಬ ಗುರುತಿಲ್ಲದ ಕಾರಣ ಅಂಚೆಯ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಅಜ್ಯೂರಿನ ಡಿಸ್ಕು ಸ್ನ್ಯಾಪ್‌ಶಾಟುಗಳು ಬೇರೆ ಸರ್ವರುಗಳಿಗೆ ಇದ್ದವು, ದತ್ತಾಂಶದ ಸರ್ವರುಗಳಿಗೆ ಇರಲಿಲ್ಲ. ಐದು ಬಗೆಯ ರಕ್ಷಣೆಗಳಲ್ಲಿ ಒಂದಾದರೂ ನೆಚ್ಚಿಕೊಳ್ಳುವಂತಿರಲಿಲ್ಲವೆಂದು ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡಿತು.

ಕೊನೆಗೆ ಉಳಿಸಿದ್ದು ಯಾವುದು? ಆ ದಿನ ಸಂಜೆ 5-20ಕ್ಕೆ, ಅಪಘಾತಕ್ಕೆ ಸುಮಾರು ಆರು ಗಂಟೆಗಳ ಮುಂಚೆ, ಪ್ರಯೋಗವೊಂದಕ್ಕೆ ಬೇಕೆಂದು ಎಂಜಿನಿಯರೊಬ್ಬನು ದತ್ತಾಂಶದ ಸ್ನ್ಯಾಪ್‌ಶಾಟ್ ಒಂದನ್ನು ತೆಗೆದು, ಪ್ರಯೋಗಶಾಲೆಯ ಬೇರೊಂದು ಸರ್ವರಿಗೆ ಒಯ್ದಿದ್ದನು. ಆಪತ್ಕಾಲಕ್ಕೆಂದು ಕೂಡಿಟ್ಟ ಪ್ರತಿಗಳೆಲ್ಲ ಕೈಕೊಟ್ಟು, ಬಳಕೆಗೆಂದು ತೆಗೆದ ಪ್ರತಿ ಕೈಹಿಡಿಯಿತು. ಅಲ್ಲಿಯೂ ಬಾವಿಯ ತೊಡಕು ಬಿಡಲಿಲ್ಲ. ಆ ಪ್ರಯೋಗದ ಸರ್ವರಿಗೆ ಅಗ್ಗದ, ನಿಧಾನವಾದ ಡಿಸ್ಕುಗಳಿದ್ದುದರಿಂದ ನಕಲು ತೆವಳುತ್ತ ಸಾಗಿತು. ಸೇವೆ ಪುನಃ ಆರಂಭವಾದದ್ದು ಮರುದಿನ ಸಂಜೆ 6ರ ಹೊತ್ತಿಗೆ. ಬರೆದ ತಂತ್ರಾಂಶಗಳ ಕಡತಗಳು ಬೇರೆಡೆ ಇದ್ದುದರಿಂದ ಉಳಿದುಕೊಂಡವು. ಆದರೆ ನಡುವಿನ ಆರು ಗಂಟೆಗಳಲ್ಲಿ ದಾಖಲಾಗಿದ್ದ ಸುಮಾರು 5,000 ಯೋಜನೆಗಳ ವಿವರ, 5,000 ಟಿಪ್ಪಣಿಗಳು, 700 ಹೊಸ ಬಳಕೆದಾರರ ಖಾತೆಗಳು ಮರಳಿ ಬರಲಿಲ್ಲ.

ಪ್ರಶಂಸೆಗೆ ಯೋಗ್ಯವಾದುದು ಅನಂತರದ ನಡವಳಿಕೆ. ಸಂಸ್ಥೆ ದುರಸ್ತಿಯ ಕೆಲಸವನ್ನು ಯೂಟ್ಯೂಬಿನಲ್ಲಿ ಎಲ್ಲರೆದುರಿಗೆ ತೋರಿಸಿತು. ತಪ್ಪುಗಳ ಪಟ್ಟಿಯನ್ನು ತಾನೇ ಪ್ರಕಟಿಸಿತು. ತಪ್ಪು ಮಾಡಿದವನನ್ನು ಗದರಿಸಿ ಕಳಿಸಿದ್ದರೆ ಬರಿದಾದ ಉಗ್ರಾಣ ತುಂಬುತ್ತಿರಲಿಲ್ಲವಷ್ಟೆ. ಅದರ ಬದಲು, ಯಾವ ಸರ್ವರಿನ ಮುಂದೆ ಕುಳಿತಿದ್ದೇನೆಂಬುದು ಕಣ್ಣಿಗೆ ಹೊಡೆಯುವಂತೆ ಪರದೆಯ ಗುರುತುಗಳನ್ನು ಸ್ಪಷ್ಟಪಡಿಸಲು, ಬ್ಯಾಕಪ್ಪನ್ನು ಯಂತ್ರವೇ ಮರಳಿ ಜೋಡಿಸಿ ಪರೀಕ್ಷಿಸುವಂತೆ ಮಾಡಲು, ದತ್ತಾಂಶದ ಉಳಿವಿಗೆ ಒಬ್ಬ ಹೊಣೆಗಾರನನ್ನು ನೇಮಿಸಲು ನಿರ್ಧರಿಸಿತು. ಅದುವರೆಗೆ ಅದು ಎಲ್ಲರ ಕೆಲಸವಾಗಿತ್ತು. ಎಂದರೆ ಯಾರ ಕೆಲಸವೂ ಆಗಿರಲಿಲ್ಲ.

ಈ ವೃತ್ತಿಯವರಲ್ಲಿ ಮೂರು-ಎರಡು-ಒಂದು ಎಂಬ ಸೂತ್ರ ಬಳಕೆಯಲ್ಲಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ. ಸೂತ್ರ ಒಳ್ಳೆಯದೇ. ಆದರೆ ಗಿಟ್‌ಲ್ಯಾಬಿನಲ್ಲಿ ಕೊರತೆಯಾದದ್ದು ಪ್ರತಿಗಳ ಏರ್ಪಾಡಲ್ಲ, ಅವನ್ನು ತೆರೆದು ನೋಡುವ ಅಭ್ಯಾಸ. ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಹೊರತೆಗೆದು, ಖಾಲಿ ಸರ್ವರಿನಲ್ಲಿ ಜೋಡಿಸಿ, ಅದು ನಡೆಯುವುದೇ, ನಡೆಯಲು ಎಷ್ಟು ಹೊತ್ತು ಹಿಡಿಯುವುದು ಎಂದು ಬರೆದಿಡುವ ಕಚೇರಿಗೆ ಮಾತ್ರ ಬ್ಯಾಕಪ್ ಇದೆಯೆನ್ನಬಹುದು. ಉಳಿದವರಿಗೆ ಇರುವುದು ನಂಬಿಕೆ.

ಸಂಸಾರಸ್ಥರಿಗೂ ಇದು ದೂರದ ಮಾತಲ್ಲ. ಮನೆಯ ಕ್ರಯಪತ್ರ ಪೆಟ್ಟಿಗೆಯಲ್ಲಿ ಭದ್ರವಾಗಿದೆಯೆಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದು, ಬೇಕಾದ ದಿನ ತೆರೆದಾಗ ಗೆದ್ದಲಿನ ಪುಡಿಯನ್ನು ಕಂಡ ಯಜಮಾನರು ಎಷ್ಟು ಮಂದಿ! ಇಂದು ಮಗಳ ಮದುವೆಯ ಚಿತ್ರಗಳು, ಅಜ್ಜಿಯ ಧ್ವನಿ ಎಲ್ಲವೂ ಕೈಯಗಲದ ಡಿಸ್ಕಿನಲ್ಲಿ ಅಡಗಿ, ಬೀರುವಿನ ಮೂಲೆಯಲ್ಲಿ ಕುಳಿತಿವೆ. ಬರುವ ಭಾನುವಾರ ಊಟವಾದ ಮೇಲೆ ಅದನ್ನೊಮ್ಮೆ ಹೊರತೆಗೆದು, ಮನೆಮಂದಿಯೆಲ್ಲ ಕುಳಿತು ಹತ್ತು ಚಿತ್ರಗಳನ್ನು ನೋಡಿದರೆ ಸಾಕು. ತೆರೆದರೆ ಸಂತೋಷ, ತೆರೆಯದಿದ್ದರೆ, ಮೂಲ ಚಿತ್ರಗಳು ಇನ್ನೂ ಕೈಯಲ್ಲಿರುವಾಗಲೇ ಸಂಗತಿ ತಿಳಿದಂತಾಗುತ್ತದೆ.