ತೋಟದಲ್ಲಿ ಸಿಗ್ನಲ್ ಸಿಗ್ತಿದೆಯಾ ಅಪ್ಪಾ?

ಹೋದ ವರ್ಷ ಆಗಸ್ಟಿನಲ್ಲಿ ಅಪ್ಪ ತೋಟದಲ್ಲಿ ಜಾರಿ ಬಿದ್ದರು. ಬಸಿಗಾಲುವೆ ದಾಟೋಕೆ ಹಾಕಿದ್ದ ಅಡಿಕೆ ಮರದ ಸಂಕ ಪಾಚಿ ಕಟ್ಟಿತ್ತು. ಕಾಲು ಜಾರಿತು, ಪಾದದ ಗಂಟಿನ ಹತ್ತಿರ ಮೂಳೆ ಮುರಿಯಿತು. ಮಲೆನಾಡಿನ ಮಳೆಗಾಲದಲ್ಲಿ ಇಂಥದ್ದು ಹೊಸದೇನಲ್ಲ. ಆದರೆ ಅವರು ಅಲ್ಲೇ, ಮಳೆಯಲ್ಲಿ, ಒಂದೂವರೆ ಗಂಟೆ ಕೂತಿದ್ದರು. ಜೇಬಿನಲ್ಲಿ ಫೋನ್ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದರು, ಚಾರ್ಜೂ ಇತ್ತು. ಸಿಗ್ನಲ್ ಇರಲಿಲ್ಲ. ಊಟದ ಹೊತ್ತಾದರೂ ಬರಲಿಲ್ಲವಲ್ಲ ಅಂತ ಅಮ್ಮ ಹುಡುಕಿಕೊಂಡು ಹೋದಾಗಲೇ ಗೊತ್ತಾಗಿದ್ದು.

ಆ ಒಂದೂವರೆ ಗಂಟೆ ನಾನು ಬೆಂಗಳೂರಿನಲ್ಲಿ ಒಂದು ಮೀಟಿಂಗಿನಲ್ಲಿದ್ದೆ. ನಮ್ಮ ಸರ್ವರ್ ಇನ್ನೂರು ಮಿಲಿಸೆಕೆಂಡ್ ತಡವಾಗಿ ಉತ್ತರ ಕೊಡುತ್ತಿದೆ ಅಂತ ಎಂಟು ಜನ ಗಂಭೀರವಾಗಿ ಚರ್ಚೆ ಮಾಡುತ್ತಿದ್ದೆವು.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮನೆ ದಿಬ್ಬದ ಮೇಲೆ, ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿ. ಮನೆಗೆ ಫೈಬರ್ ಬಂದಿದೆ, ಜಗಲಿಯಲ್ಲಿ ಕೂತರೆ ವಿಡಿಯೋ ಕಾಲ್ ಸಲೀಸು. ಹಿತ್ತಿಲು ದಾಟಿ ನಲವತ್ತು ಮೆಟ್ಟಿಲು ಇಳಿದರೆ ವೈಫೈಯೂ ಇಲ್ಲ, ಟವರೂ ಇಲ್ಲ. ಟವರ್ ಬೇಕು ಅಂತ ಊರಿನವರು ಅರ್ಜಿ ಕೊಟ್ಟು ವರ್ಷಗಳಾದವು. ಅದನ್ನು ನಂಬಿ ಕೂತರೆ ಆಗಲ್ಲ ಅಂತ ನಾನೇ ಡಿಸೆಂಬರ್ ರಜೆಯಲ್ಲಿ ಒಂದು ಔಟ್‌ಡೋರ್ ಆಕ್ಸೆಸ್ ಪಾಯಿಂಟ್ ಹೊತ್ತುಕೊಂಡು ಊರಿಗೆ ಹೋದೆ. ಏಳೆಂಟು ಸಾವಿರದ ವಸ್ತು.

ತೋಟದಲ್ಲಿ ಇಂಟರ್ನೆಟ್ ಯಾಕೆ ಅಂತ ಕೇಳಬೇಡಿ, ಅಪ್ಪ ಆಗಲೇ ಕೇಳಿಯಾಗಿದೆ. ನಮಗೆ ಬೇಕಿದ್ದಿದ್ದು ಇಂಟರ್ನೆಟ್ ಅಲ್ಲ, ಫೋನ್ ಕಾಲ್. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಅಂತ ಒಂದು ಆಯ್ಕೆ ಇರುತ್ತೆ. ಏರ್‌ಟೆಲ್‌ನವರು 2019ರ ಡಿಸೆಂಬರಿನಲ್ಲಿ, ಜಿಯೋದವರು 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದರು. ಅದನ್ನು ಆನ್ ಮಾಡಿಟ್ಟರೆ ಟವರ್ ಇಲ್ಲದ ಕಡೆ ನಿಮ್ಮ ಮಾಮೂಲಿ ಕರೆಯೇ ವೈಫೈ ಮೇಲೆ ಹೋಗುತ್ತೆ. ಯಾವ ಆ್ಯಪೂ ಬೇಡ, ಆ ಕಡೆಯವರ ಕೈಯಲ್ಲಿ ಬಟನ್ ಫೋನ್ ಇದ್ದರೂ ನಡೆಯುತ್ತೆ. ಅಪ್ಪನ ಮಟ್ಟಿಗೆ ಹೇಳುವುದಾದರೆ, ಹಸಿರು ಗುಂಡಿ ಒತ್ತಿದರೆ ರಿಂಗ್ ಆಗಬೇಕು, ಅಷ್ಟೇ.

ಮೊದಲ ತಪ್ಪು ಮಾಡಿದ್ದು ಎತ್ತರದ ವಿಷಯದಲ್ಲಿ. ಆಂಟೆನಾ ಅಂದರೆ ಎತ್ತರದಲ್ಲಿರಬೇಕು ಅಂತ ನಮಗೆಲ್ಲ ದೂರದರ್ಶನದ ಕಾಲದಿಂದ ತಲೆಯಲ್ಲಿ ಕೂತಿದೆ. ಹೆಂಚಿನ ಮಾಡಿನ ಪಕ್ಕ ಕಬ್ಬಿಣದ ಪೈಪ್ ನಿಲ್ಲಿಸಿ, ತುದಿಗೆ ಆಕ್ಸೆಸ್ ಪಾಯಿಂಟ್ ಬಿಗಿದೆ. ಏಣಿ ಮೇಲೆ ನನ್ನನ್ನು ನೋಡಿದ ಪಕ್ಕದ ಮನೆ ಶಾರದತ್ತೆ, "ಹುಡುಗಿ ಬೆಂಗಳೂರಲ್ಲಿ ಇದೇ ಕೆಲಸ ಮಾಡೋದಾ?" ಅಂತ ಅಮ್ಮನನ್ನು ಕೇಳಿದರಂತೆ.

ತೋಟಕ್ಕೆ ಇಳಿದು ನೋಡಿದರೆ ಫೋನಿನಲ್ಲಿ ವೈಫೈ ಕಡ್ಡಿಗಳೆಲ್ಲ ತುಂಬಿವೆ. ಖುಷಿಯಿಂದ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನ "ಹಲೋ, ಹಲೋ" ನನಗೆ ಸ್ಪಷ್ಟವಾಗಿ ಕೇಳುತ್ತಿದೆ, ನಾನು ಹೇಳಿದ್ದು ಅವರಿಗೆ ಒಂದಕ್ಷರವೂ ಇಲ್ಲ. ಇನ್ನೂ ಸ್ವಲ್ಪ ಒಳಗೆ, ಅಪ್ಪ ಬಿದ್ದ ಸಂಕದ ಹತ್ತಿರ ಹೋದರೆ ಕರೆ ಕಟ್.

ಇದು ಯಾಕಾಯಿತು ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಹೆಚ್ಚಿನವರು ಎಡವೋದು ಇಲ್ಲೇ. ಆಕ್ಸೆಸ್ ಪಾಯಿಂಟ್ ಮೈಕ್ ಹಿಡಿದು ಕೂಗುವ ಹಾಗೆ. ಫೋನ್ ಪಿಸುಗುಟ್ಟುವ ಹಾಗೆ, ಅದರ ಬ್ಯಾಟರಿ ಚಿಕ್ಕದು, ಆಂಟೆನಾ ಚಿಕ್ಕದು. ನಾವು ಫೋನಿನಲ್ಲಿ ನೋಡುವ ಕಡ್ಡಿಗಳು ಮೈಕಿನ ಕೂಗು ನಮಗೆಷ್ಟು ಕೇಳುತ್ತಿದೆ ಅಂತ ಮಾತ್ರ ಹೇಳುತ್ತವೆ. ನಮ್ಮ ಪಿಸುಮಾತು ಅಲ್ಲಿಗೆ ಮುಟ್ಟುತ್ತಿದೆಯಾ ಅನ್ನೋದನ್ನ ಹೇಳಲ್ಲ. ಪವರನ್ನು 'ಹೈ'ಗೆ ಏರಿಸಿದರೆ ಕಡ್ಡಿ ಜಾಸ್ತಿ ಕಾಣುತ್ತೆ, ಕಾಲ್ ಸುಧಾರಿಸಲ್ಲ. ಬಿದ್ದ ಮನುಷ್ಯ ಮಾತಾಡಬೇಕು ಅಂದ್ರೆ ಅವನ ಮಾತು ಕೇಳಿಸಿಕೊಳ್ಳೋ ಕಿವಿ ಹತ್ತಿರ ಇರಬೇಕು.

ಇನ್ನೊಂದು, ಆಂಟೆನಾದ ಆಕಾರ. ಸುತ್ತಲೂ ಸಿಗ್ನಲ್ ಕೊಡುವ ಓಮ್ನಿ ಆಂಟೆನಾಗೆ ಡಿಬಿಐ ಅಂತ ಒಂದು ಅಂಕಿ ಬರೆದಿರುತ್ತೆ. ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದುಕೊಳ್ಳುತ್ತೇವೆ. ಅದು ಎಲ್ಲಿಂದಲೋ ಹೆಚ್ಚಿನ ಶಕ್ತಿ ತರಲ್ಲ, ಇರುವ ಹಿಟ್ಟನ್ನೇ ಬೇರೆ ಥರ ಹರಡುತ್ತೆ. ಕಡಿಮೆ ಡಿಬಿಐ ಅಂದರೆ ಇಡ್ಲಿ, ದಪ್ಪಗೆ, ಹತ್ತಿರದಲ್ಲೇ. ಜಾಸ್ತಿ ಡಿಬಿಐ ಅಂದರೆ ಪೇಪರ್ ದೋಸೆ, ಅಗಲಕ್ಕೆ, ತೆಳ್ಳಗೆ. ದಿಬ್ಬದ ತುದಿಯಲ್ಲಿ ದೋಸೆ ಹೊಯ್ದರೆ ಅದು ಕಣಿವೆಯಲ್ಲಿರುವವರ ತಲೆ ಮೇಲಿಂದ ಎದುರು ಗುಡ್ಡಕ್ಕೆ ಹೋಗುತ್ತೆ. ನನ್ನದು ಹಾಗೇ ಹೋಗಿತ್ತು.

ಅದೂ ಸಾಲದು ಅಂತ ಮಧ್ಯೆ ಸೋಗೆ. ಕೆಳಗಿನ ತೋಟದ ಅಡಿಕೆ ಮರಗಳ ಹೆಡೆ ಸರಿಯಾಗಿ ನಮ್ಮ ಮಾಡಿನ ಮಟ್ಟಕ್ಕೇ ಬರುತ್ತೆ. ವೈಫೈ ಅಲೆಗಳನ್ನು ನೀರು ಹೀರಿಕೊಳ್ಳುತ್ತೆ, ಎಲೆ ಅಂದರೆ ಬಹುಪಾಲು ನೀರೇ. 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಎಲೆಗಳ ನಡುವೆ ಚೆನ್ನಾಗಿ ನುಸುಳುತ್ತೆ, ಆದರೂ ಇಡೀ ತೋಟದ ಸೋಗೆ ದಾಟಿ ಅಂದರೆ ಅದಕ್ಕೂ ಕಷ್ಟ.

ಉಪಾಯ ಹೇಳಿದ್ದು ಅಪ್ಪ. ಕಾಲಿಗೆ ಪಟ್ಟಿ ಸುತ್ತಿಕೊಂಡು ಜಗಲಿಯಲ್ಲಿ ಕೂತು ನನ್ನ ಪರದಾಟ ನೋಡುತ್ತಿದ್ದವರು, "ಅಲ್ಲ ಮಾರಾಯ್ತಿ, ತೋಟದೊಳಗೆ ನಿಂತರೆ ಈ ತುದಿಯಿಂದ ಆ ತುದಿ ಕಾಣುತ್ತೆ. ಮೇಲಿಂದ ನೋಡಿದ್ರೆ ಏನೂ ಕಾಣಲ್ಲ. ನಿನ್ನ ಸಿಗ್ನಲ್ಲಿಗೂ ಹಂಗೇ ಅಲ್ವಾ?" ಅಂದರು. ಹೌದಲ್ಲ! ಅಡಿಕೆ ಮರಕ್ಕೆ ಕೊಂಬೆ ಇಲ್ಲ. ಹೆಡೆಯ ಕೆಳಗೆ ಬರೀ ಕಂಬಗಳು, ನಡುವೆ ಖಾಲಿ ಜಾಗ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಹೊಳೆಯದೆ ಇದ್ದಿದ್ದು ಅವರಿಗೆ ಹೊಳೆಯಿತು. ಆಕ್ಸೆಸ್ ಪಾಯಿಂಟ್ ಇರಬೇಕಾದ್ದು ಮಾಡಿನ ಮೇಲಲ್ಲ, ಕೆಳಗೆ ತೋಟದ ನಡುವಿನ ಪಂಪ್ ಶೆಡ್ಡಿನ ಗೋಡೆಗೆ, ಎರಡಾಳೆತ್ತರದಲ್ಲಿ.

ಸಂಕ್ರಾಂತಿಗೆ ಮತ್ತೆ ಹೋದೆ. ಪಂಪ್ ಶೆಡ್ಡಿನಲ್ಲಿ ಕರೆಂಟ್ ಇದೆ, ಆದರೆ ಪಂಪ್‌ಸೆಟ್ಟಿನ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ. ಹಾಗಾಗಿ ಕರೆಂಟೂ ಡೇಟಾವೂ ಒಂದೇ ಕೇಬಲ್ಲಿನಲ್ಲಿ ಹೋಗುವ ಪಿಒಇ ಆಯ್ಕೆ ಮಾಡಿದೆ. ಮನೆಯೊಳಗೆ ರೂಟರ್ ಪಕ್ಕ ಒಂದು ಚಿಕ್ಕ ಇಂಜೆಕ್ಟರ್ ಇಟ್ಟು ಅದನ್ನು ಮನೆಯ ಇನ್ವರ್ಟರಿಗೆ ಸೇರಿಸಿದರೆ, ಕರೆಂಟ್ ಹೋದರೂ ತೋಟದಲ್ಲಿ ವೈಫೈ ಇರುತ್ತೆ. ಒಂದು ಎಚ್ಚರಿಕೆ: ಇಂಜೆಕ್ಟರುಗಳಲ್ಲಿ 24 ವೋಲ್ಟಿನವೂ ಇವೆ, 48 ವೋಲ್ಟಿನವೂ ಇವೆ. ಡಬ್ಬದಲ್ಲಿ ಬಂದಿದ್ದನ್ನೇ ಬಳಸಿ. ಮನೆಯಲ್ಲಿ ಬಿದ್ದಿದ್ದನ್ನು ಸಿಕ್ಕಿಸಿದರೆ ಏಳೆಂಟು ಸಾವಿರ ಹೊಗೆಯಾಗಬಹುದು.

ನೆಟ್‌ವರ್ಕ್ ಕೇಬಲ್ಲಿಗೆ 100 ಮೀಟರಿನ ಮಿತಿ. ಅಪ್ಪ ಹಗ್ಗ ಹಿಡಿಸಿ ಅಳೆಸಿದರು, ಏರು ತಗ್ಗು ಸೇರಿ 85 ಮೀಟರ್. ಬಚಾವ್. ಆದರೆ ಪೇಟೆಯ ಅಂಗಡಿಯೊಂದರಿಂದ ತಂದ ಮೊದಲ ಕೇಬಲ್ಲಿಗೆ ಸಾಧನ ಹತ್ತು ನಿಮಿಷಕ್ಕೊಮ್ಮೆ ರೀಸ್ಟಾರ್ಟ್ ಆಗೋದು. ತಂತಿಯನ್ನು ಚಾಕುವಿನಿಂದ ಕೆರೆದು ನೋಡಿದರೆ ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ! ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅಷ್ಟು ದೂರಕ್ಕೆ ಅದರಲ್ಲಿ ವೋಲ್ಟೇಜ್ ಕುಸಿಯುತ್ತೆ. ನೀವು ತರುವಾಗ ಅಂಗಡಿಯಲ್ಲೇ ಒಂದು ತುದಿ ಕೆರೆದು ನೋಡಿ, ಸಂಕೋಚ ಬೇಡ. ಶುದ್ಧ ತಾಮ್ರ, ಬಿಸಿಲು ತಡೆಯುವ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ ಆಗಬೇಕು. ಎರಡನೇ ಸಲ ತಂದ ಕೇಬಲ್ಲನ್ನು ನೀರಾವರಿಯ ಕಪ್ಪು ಪೈಪಿನೊಳಗೆ ತೂರಿಸಿ ಮಣ್ಣಿನಲ್ಲಿ ಹೂತೆವು. ಮರದಿಂದ ಮರಕ್ಕೆ ಎಳೆದರೆ ಮಂಗಗಳು ಉಯ್ಯಾಲೆ ಆಡುತ್ತವೆ ಅಂತ ಊರಿಗೇ ಗೊತ್ತು.

ಗೋಡೆ ಹತ್ತುವಾಗ ಕೇಬಲ್ಲು ಸಾಧನಕ್ಕಿಂತ ಕೆಳಗೆ ಒಂದು ಜೋಲು ಬಿಟ್ಟು ಆಮೇಲೆ ಮೇಲಕ್ಕೆ ಹೋಗಬೇಕು. ಆಗ ಕೇಬಲ್ ಹಿಡಿದು ಇಳಿಯುವ ಮಳೆನೀರು ಜೋಲಿನಲ್ಲೇ ತೊಟ್ಟಿಕ್ಕುತ್ತೆ, ಸಾಕೆಟ್ಟಿಗೆ ನುಗ್ಗಲ್ಲ. ಐಪಿ67 ಅಂತ ಡಬ್ಬದ ಮೇಲೆ ಬರೆದಿದ್ದರೂ (6 ಅಂದರೆ ಧೂಳಿಗೆ, 7 ಅಂದರೆ ನೀರಿಗೆ ಕೊಟ್ಟ ಅಂಕ) ಕೇಬಲ್ ಒಳಗೆ ಹೋಗುವ ಕಡೆಯ ರಬ್ಬರ್ ನೀವು ಸರಿಯಾಗಿ ಬಿಗಿಯದಿದ್ದರೆ ಆ ಅಂಕ ಕಾಗದದ ಮೇಲೇ ಉಳಿಯುತ್ತೆ.

ಕಾನ್ಫಿಗರೇಶನ್ ಎಲ್ಲ ಏಣಿ ಹತ್ತುವ ಮೊದಲೇ, ಊಟದ ಮೇಜಿನ ಮೇಲೆ ಮುಗಿಸಿಕೊಳ್ಳಿ. ಫರ್ಮ್‌ವೇರ್ ಅಪ್‌ಡೇಟ್, ಅಡ್ಮಿನ್ ಪಾಸ್‌ವರ್ಡ್ ಬದಲಾವಣೆ, ದೇಶ 'ಇಂಡಿಯಾ' ಅಂತ ಆರಿಸೋದು. ಎಲ್ಲಕ್ಕಿಂತ ಮುಖ್ಯ, ಅದನ್ನು ರೂಟರ್ ಮೋಡಿನಲ್ಲಲ್ಲ, ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಇಡಬೇಕು. ನಾನು ಡಿಸೆಂಬರಿನಲ್ಲಿ ಮರೆತಿದ್ದೆ. ಮನೆಯ ರೂಟರೂ ಅಡ್ರೆಸ್ ಹಂಚುತ್ತೆ, ಇದೂ ಹಂಚುತ್ತೆ, ಒಂದೇ ಮನೆಗೆ ಇಬ್ಬರು ಯಜಮಾನರು. ಅವತ್ತು ಸಂಜೆ ಅಮ್ಮನ ಧಾರಾವಾಹಿ ನಿಂತುಹೋಯಿತು, ತೋಟದ ಸಿಗ್ನಲ್ಲಿಗಿಂತ ದೊಡ್ಡ ಗಲಾಟೆ ಅದೇ ಆಯಿತು.

ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಮನೆಯದ್ದೇ ಇರಲಿ, ಆಗ ಅಪ್ಪನ ಫೋನ್ ಏನೂ ಕೇಳದೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ. 2.4 ಗಿಗಾಹರ್ಟ್ಸಿನಲ್ಲಿ 1, 6, 11 ಈ ಮೂರು ಚಾನೆಲ್‌ಗಳು ಒಂದರ ಮೇಲೊಂದು ಬೀಳಲ್ಲ. ಮನೆಗೆ 1 ಕೊಟ್ಟೆ, ತೋಟಕ್ಕೆ 11. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಸಾಕು, ಮಾತಿಗೆ ವೇಗ ಬೇಡ. ಪವರನ್ನು 'ಮೀಡಿಯಂ'ಗೆ ಇಳಿಸಿದೆ. ಅದರಿಂದ ದೂರ ಹೆಚ್ಚಲ್ಲ, ಆದರೆ ಫೋನಿನ ಕಡ್ಡಿಗಳು ಸುಳ್ಳು ಹೇಳೋದು ಕಡಿಮೆಯಾಗುತ್ತೆ.

ಆಮೇಲೆ ಫೋನಿನಲ್ಲಿ ಒಂದು ಅಳೆಯುವ ಆ್ಯಪ್ ಹಾಕಿಕೊಂಡು ಇಡೀ ತೋಟ ಸುತ್ತಿದೆ. ಅಂಕಿ ಮೈನಸ್ಸಿನಲ್ಲಿ ಬರುತ್ತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. ಹತ್ತು ಇಳಿದರೆ ಶಕ್ತಿ ಹತ್ತನೇ ಒಂದು ಭಾಗವಾಯಿತು ಅಂತ ಅರ್ಥ. ಮಾತಿಗೆ ಮೈನಸ್ 67ರ ಆಸುಪಾಸು ಇದ್ದರೆ ನೆಮ್ಮದಿ. ಸಂಕದ ಹತ್ತಿರ ಮೈನಸ್ 61 ತೋರಿಸಿತು. ಅಪ್ಪ ಬಿದ್ದಾಗ ಕೂತಿದ್ದ ಹಾಗೇ ಕಾಲುವೆಯೊಳಗೆ ಕೂತು ನೋಡಿದೆ. ನೆಲಕ್ಕೆ ಹತ್ತಿರ, ಅಡ್ಡಕ್ಕೆ ದಂಡೆ, ಮೈನಸ್ 70. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. "ಎಲ್ಲಿದೀಯೇ?" ಅಂದರು. ಎಲ್ಲಿದ್ದೀನಿ ಅಂತ ಹೇಳಿದೆ. ಸ್ವಲ್ಪ ಹೊತ್ತು ಅವರು ಏನೂ ಮಾತಾಡಲಿಲ್ಲ, ಲೈನ್ ಮಾತ್ರ ಕಟ್ ಆಗಿರಲಿಲ್ಲ.

ಸಿಡಿಲಿನ ವಿಷಯ ಬಿಟ್ಟೆ. 85 ಮೀಟರ್ ತಾಮ್ರ ನೆಲದಲ್ಲಿ ಮಲಗಿದೆ ಅಂದರೆ ಸಿಡಿಲಿಗೆ ಆಹ್ವಾನ ಕೊಟ್ಟ ಹಾಗೇ. ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಸರಿಯಾಗಿ ಅರ್ಥಿಂಗ್ ಮಾಡಿಸಿದ್ದೀನಿ. ಆದರೂ ಹತ್ತಿರದಲ್ಲೇ ಹೊಡೆದರೆ ಅವೆಲ್ಲ ಲೆಕ್ಕಕ್ಕಿಲ್ಲ. ಹಾಗಾಗಿ ಏಪ್ರಿಲ್-ಮೇ ತಿಂಗಳಲ್ಲಿ ಮೋಡ ಕಟ್ಟಿದರೆ ಸಾಕು, ಅಮ್ಮ ಮೊದಲು ಅಪ್ಪನಿಗೆ ಫೋನ್ ಮಾಡಿ ಮನೆಗೆ ಕರೆಸುತ್ತಾರೆ. ಅಪ್ಪ ಮೆಟ್ಟಿಲು ಹತ್ತಿ ಬಂದ ಮೇಲೆ ಇಂಜೆಕ್ಟರಿನ ಪ್ಲಗ್ಗೂ, ತೋಟದ ಕೇಬಲ್ಲೂ ಕೀಳುತ್ತಾರೆ. ಈ ಕ್ರಮ ತಪ್ಪುವ ಹಾಗಿಲ್ಲ.

ಜೂನಿನಿಂದ ಮಳೆ ಹಿಡಿದಿದೆ. ಒದ್ದೆ ತೋಟದಲ್ಲಿ ಅಂಕಿಗಳು ಇಳಿದಿವೆ, ಸಂಕದ ಹತ್ತಿರ ಮೈನಸ್ 68. ಹಳ್ಳದ ಆಚೆಗಿನ ತುಂಡು ತೋಟಕ್ಕೆ ಈಗಲೂ ಏನೂ ಮುಟ್ಟಲ್ಲ. ಅಲ್ಲಿಗೆ ಇನ್ನೊಂದು ಸಾಧನ ಹಾಕಬೇಕು, ದೀಪಾವಳಿಗೆ ನೋಡೋಣ. ಅಲ್ಲೀತನಕ ಒಬ್ಬರೇ ಆ ಕಡೆ ಹೋಗಬೇಡಿ ಅಂದಿದ್ದೀನಿ. ಹೂಂ ಅಂದಿದ್ದಾರೆ. ಅವರು ಹೂಂ ಅಂದರೆ ಏನು ಅಂತ ನನಗೆ ಗೊತ್ತು.

ಮೊನ್ನೆ ಗುರುವಾರ ಸ್ಟ್ಯಾಂಡಪ್ ನಡೀತಿರುವಾಗ ಅಪ್ಪನ ಫೋನ್ ಬಂತು. ಅವರು ಆ ಹೊತ್ತಿಗೆ ಯಾವತ್ತೂ ಮಾಡಲ್ಲ. ಎದೆ ಝಲ್ಲೆಂದಿತು, ಮೀಟಿಂಗ್ ಮ್ಯೂಟ್ ಮಾಡಿ ಎತ್ತಿದೆ. ಹಿಂದೆ ಮಳೆಯ ಸದ್ದು.

"ಸಂಕದ ಹತ್ರ ಇದೀನಿ ಪುಟ್ಟಿ. ಔಷಧಿ ಹೊಡೆಯೋರು ಬಂದಿದಾರೆ, ನಾಲ್ಕು ಲೋಟ ಚಹಾ ಬೇಕಿತ್ತು. ನಿನ್ನ ಅಮ್ಮ ಫೋನ್ ಎತ್ತುತ್ತಿಲ್ಲ, ಸೈಲೆಂಟಲ್ಲಿ ಇಟ್ಟಿರಬೇಕು. ಸ್ವಲ್ಪ ಹೇಳು."

ಬೆಂಗಳೂರಿನಿಂದ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಚಹಾ ಹೇಳಿದೆ. ಆಮೇಲೆ ಅಮ್ಮನ ಮೊಬೈಲಿನ ರಿಂಗನ್ನು ಪೂರ್ತಿ ಏರಿಸೋದು ಹೇಗೆ ಅಂತ ಅದೇ ಫೋನಿನಲ್ಲಿ ಹತ್ತು ನಿಮಿಷ ಹೇಳಿಕೊಟ್ಟೆ.