ಪ್ರೌಢಶಾಲೆಯಲ್ಲಿ ಕಲಾಶಿಕ್ಷಣ: ಕೈಗೆ ಸಲ್ಲಬೇಕಾದ ಗೌರವ

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗ ನಾಡಿನ ಗಮನವೆಲ್ಲ 625 ಎಂಬ ಒಂದೇ ಸಂಖ್ಯೆಯ ಮೇಲೆ ನೆಲೆಗೊಳ್ಳುತ್ತದೆ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಸಾಮಾನ್ಯ ವಿದ್ಯಾರ್ಥಿಯ ಈ ಲೆಕ್ಕದಲ್ಲಿ ಚಿತ್ರಕಲೆಗಾಗಲಿ ಸಂಗೀತಕ್ಕಾಗಲಿ ನಾಟಕಕ್ಕಾಗಲಿ ಒಂದು ಅಂಕವೂ ಇಲ್ಲ. ಅಂಕವಿಲ್ಲದ್ದಕ್ಕೆ ಅವಧಿ ಉಳಿಯುವುದಿಲ್ಲ. ಅವಧಿಯಿಲ್ಲದ್ದಕ್ಕೆ ಶಿಕ್ಷಕರು ಉಳಿಯುವುದಿಲ್ಲ. ವೇಳಾಪಟ್ಟಿಯಲ್ಲಿ ಚಿತ್ರಕಲೆ ಎಂದು ಬರೆದಿದ್ದರೂ ಪರೀಕ್ಷೆ ಸಮೀಪಿಸಿದಂತೆ ಆ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಸಲ್ಲುವುದನ್ನು ಪಾಲಕರೂ ಆಡಳಿತ ಮಂಡಳಿಗಳೂ ಸಹಜವೆಂದೇ ಒಪ್ಪಿಕೊಂಡಿದ್ದಾರೆ. ಇದು ಸಹಜವೇ, ಸರಿಯೇ ಎಂಬುದನ್ನು ಶರಣ ಪರಂಪರೆಗೆ ಸೇರಿದ ನಾವು ವಿಚಾರಿಸಬೇಕಾದ ಕಾಲ ಬಂದಿದೆ.

ನೀತಿಗಳಲ್ಲಿ ಕೊರತೆಯಿಲ್ಲ

ಕಾಗದದ ಮೇಲೆ ಕಲೆಗೆ ಗೌರವದ ಸ್ಥಾನವೇ ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆ ಮತ್ತು ವಿಜ್ಞಾನಗಳ ನಡುವೆ, ಪಠ್ಯ ಮತ್ತು ಪಠ್ಯೇತರಗಳ ನಡುವೆ ಗೋಡೆ ಇರಬಾರದೆಂದಿತು. 2023ರಲ್ಲಿ ಬಂದ ಶಾಲಾ ಶಿಕ್ಷಣದ ಪಠ್ಯಕ್ರಮ ಚೌಕಟ್ಟಿನಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೂ ಕಲಾಶಿಕ್ಷಣವು ಒಂದು ಸ್ವತಂತ್ರ ವಿಷಯವಾಗಿದೆ. ನಮ್ಮ ರಾಜ್ಯದಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದೆ. ಆ ವರದಿಯ ಕುರಿತ ಸಾರ್ವಜನಿಕ ಚರ್ಚೆಯ ಬಹುಪಾಲು ದ್ವಿಭಾಷಾ ಸೂತ್ರ ಮತ್ತು ಬೋಧನಾ ಮಾಧ್ಯಮದ ಸುತ್ತ ನಡೆದಿದೆ. ಅದು ಅಗತ್ಯವಾದ ಚರ್ಚೆಯೇ. ಆದರೆ ಮಗು ಯಾವ ಭಾಷೆಯಲ್ಲಿ ಕಲಿಯಬೇಕೆಂದು ಕೇಳುವಷ್ಟೇ ಆಸಕ್ತಿಯಿಂದ, ಮಗುವಿನ ಕೈ ಏನನ್ನು ಕಲಿಯಬೇಕೆಂದು ನಾವು ಕೇಳಿಲ್ಲ.

ಕಾನೂನಿನಲ್ಲಿಯೂ ಒಂದು ಅಂತರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾಶಿಕ್ಷಣ, ದೈಹಿಕ ಶಿಕ್ಷಣ ಮತ್ತು ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರಿರಬೇಕು. ಕಾಯ್ದೆಯ ವ್ಯಾಪ್ತಿ ಎಂಟನೆಯ ತರಗತಿಗೆ ಮುಗಿಯುತ್ತದೆ. ಮಗುವಿನ ಅಭಿರುಚಿ ರೂಪುಗೊಳ್ಳುವ, ಮುಂದಿನ ದಾರಿ ನಿರ್ಧಾರವಾಗುವ ಒಂಬತ್ತು ಮತ್ತು ಹತ್ತನೆಯ ತರಗತಿಗಳು ಅದರ ಹೊರಗೆ ಉಳಿಯುತ್ತವೆ.

ಪ್ರತಿಭಾ ಕಾರಂಜಿ ಇದೆಯಲ್ಲ, ಚಿತ್ರಕಲೆಯ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿವೆಯಲ್ಲ ಎಂದು ಕೇಳುವವರುಂಟು. ಇವು ಒಳ್ಳೆಯ ವ್ಯವಸ್ಥೆಗಳೇ. ಆದರೆ ಸ್ಪರ್ಧೆಯು ಕಲಿತವರನ್ನು ಗುರುತಿಸುತ್ತದೆ, ಕಲಿಯದವರಿಗೆ ಕಲಿಸುವುದಿಲ್ಲ. ಮನೆಯಲ್ಲಿ ಅನುಕೂಲವಿದ್ದ ಮಗು ಖಾಸಗಿಯಾಗಿ ಸಂಗೀತ ಕಲಿತು, ಚಿತ್ರಕಲೆ ಕಲಿತು ವೇದಿಕೆ ಏರುತ್ತದೆ. ಕೂಲಿಕಾರರ ಮಗುವಿಗೆ ಕಲೆ ದೊರೆಯಬಹುದಾದ ಸ್ಥಳ ಶಾಲೆಯೊಂದೇ. ಅಲ್ಲಿಯೂ ದೊರೆಯದಿದ್ದರೆ ಅದು ಕೈತಪ್ಪಿ ಹೋದಂತೆಯೇ. ಆದ್ದರಿಂದ ಕಲಾಶಿಕ್ಷಣದ ಪ್ರಶ್ನೆ ಮೂಲತಃ ಸಮಾನತೆಯ ಪ್ರಶ್ನೆ.

ತಂಬಿಗೆ ಕಲಿಸುವ ಪಾಠ

ಕಲೆ ಎಂದರೆ ಗೋಡೆಗೆ ತೂಗುಹಾಕುವ ಚಿತ್ರ, ವಾರ್ಷಿಕೋತ್ಸವದ ನೃತ್ಯ ಎಂಬಷ್ಟಕ್ಕೇ ನಮ್ಮ ಕಲ್ಪನೆ ನಿಂತಿರುವುದು ಈ ಉಪೇಕ್ಷೆಗೆ ಮುಖ್ಯ ಕಾರಣ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರದ ಆಹ್ವಾನದ ಮೇರೆಗೆ ಇಲ್ಲಿಗೆ ಬಂದು 1958ರಲ್ಲಿ ಒಂದು ವರದಿ ನೀಡಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಸ್ಥಾಪನೆಯಾಗಲು ಆ ವರದಿಯೇ ಪ್ರೇರಣೆ. ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಎತ್ತಿ ಹೇಳಿದ್ದು ಅರಮನೆಯ ಆಭರಣವನ್ನಲ್ಲ, ನಮ್ಮೆಲ್ಲರ ಮನೆಯ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಯಾರ ಕೈಗೆ ಒಗ್ಗಬೇಕು, ತುಂಬಿದಾಗ ತೂಕ ಎಲ್ಲಿ ನಿಲ್ಲಬೇಕು, ಬಗ್ಗಿಸಿದಾಗ ನೀರು ಹೇಗೆ ಬೀಳಬೇಕು, ಹೇಗೆ ತೊಳೆಯಬೇಕು, ಯಾವ ಲೋಹದಿಂದ ಮಾಡಬೇಕು ಎಂಬ ಹತ್ತಾರು ಪ್ರಶ್ನೆಗಳಿಗೆ ತಲೆಮಾರುಗಳ ಕೈಗಳು ಕಂಡುಕೊಂಡ ಉತ್ತರ ಅದು. ವಿನ್ಯಾಸವೆಂದರೆ ಇದೇ: ಬಳಸುವವನ ಕಷ್ಟಸುಖವನ್ನು ಅರಿತು ವಸ್ತುವಿಗೆ ರೂಪ ಕೊಡುವುದು.

ನಮ್ಮ ನಾಡಿನ ಕಸುಬುಗಳಲ್ಲಿ ಇಂತಹ ಪಾಠಗಳು ತುಂಬಿವೆ. ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ಆಗಿ ಕಾಣಬೇಕು. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಹಾಕುವ ಬಾಲಕಿ ಸಮ್ಮಿತಿಯನ್ನೂ ನಿರ್ದೇಶಾಂಕಗಳನ್ನೂ ಬೆರಳಿನಿಂದ ಕಲಿಯುತ್ತಾಳೆ. ಬೀದರಿನ ಬಿದರಿ ಕೆಲಸದಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿಯನ್ನು ಕೂರಿಸಿ, ಹಳೆಯ ಕೋಟೆಯ ಮಣ್ಣಿನ ನೆರವಿನಿಂದ ಲೋಹವನ್ನು ಕಪ್ಪಾಗಿಸುತ್ತಾರೆ; ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಬೇಕೆ? ಇಳಕಲ್ಲಿನ ಸೀರೆಯಲ್ಲಿ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ತೋಪುತೆನೆ ವಿಧಾನ ತಾಳ್ಮೆಯ ಜೊತೆಗೆ ಯಂತ್ರಶಾಸ್ತ್ರದ ಪಾಠವೂ ಹೌದು. ಇವುಗಳ ನಡುವೆಯೇ ಹುಟ್ಟಿ ಬೆಳೆದ ಮಕ್ಕಳು ಶಾಲೆಯಲ್ಲಿ ಇವುಗಳ ಹೆಸರನ್ನೂ ಕೇಳದೆ ಹೊರಬರುತ್ತಿದ್ದಾರೆ.

ಶರಣರ ಕೈಗಳು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದವರು ಯಾರು? ಬಿದಿರು ಸೀಳಿ ಮೊರ ಬುಟ್ಟಿ ಹೆಣೆದ ಮೇದಾರ ಕೇತಯ್ಯ, ಹುಲ್ಲಿನಿಂದ ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಹೊಲಿದ ಸೂಜಿಕಾಯಕದ ರಾಮಿತಂದೆ, ವೇಷ ಧರಿಸಿ ಜನರನ್ನು ರಂಜಿಸಿದ ಬಹುರೂಪಿ ಚೌಡಯ್ಯ, ಡಕ್ಕೆ ಬಾರಿಸಿದ ಡಕ್ಕೆಯ ಬೊಮ್ಮಣ್ಣ, ಕಿನ್ನರಿ ನುಡಿಸಿದ ಕಿನ್ನರಿ ಬ್ರಹ್ಮಯ್ಯ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇವರು ಕರಕುಶಲಿಗಳು, ನಟರು, ವಾದಕರು. ದುಡಿಯುವ ಕೈಗಳನ್ನೂ ಅನುಭಾವದ ಮಾತನ್ನೂ ಅವರು ಬೇರ್ಪಡಿಸಲಿಲ್ಲ. ಕೈಕೆಲಸ ಕೀಳು, ಓದುಬರಹ ಮೇಲು ಎಂಬ ಭೇದವನ್ನು ಕಾಯಕ ತತ್ವ ತಳ್ಳಿಹಾಕಿತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ನಾವೆಲ್ಲ ಹರ್ಷಪಟ್ಟೆವು. ಆ ಹೆಸರಿನ ಶಾಲೆಗಳಲ್ಲಿಯೇ ಕೈಗೆ ಅಂಕವಿಲ್ಲ, ಅವಧಿಯಿಲ್ಲ ಎಂದಾದರೆ ಆ ಹರ್ಷಕ್ಕೆ ಅರ್ಥವೇನು?

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಸುಬಿನ ಶಿಕ್ಷಣ ಎಂದೊಡನೆ ಹಿಂದುಳಿದ ಸಮುದಾಯಗಳಲ್ಲಿ ಹುಟ್ಟುವ ಅನುಮಾನ ನಿರಾಧಾರವಲ್ಲ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿ ಅವರು ಪ್ರಾಥಮಿಕ ಶಾಲೆಯ ಮಕ್ಕಳು ಅರ್ಧ ದಿನ ತರಗತಿಯಲ್ಲಿದ್ದು ಉಳಿದ ಹೊತ್ತು ಮನೆಯ ಕಸುಬನ್ನು ಕಲಿಯುವ ಯೋಜನೆ ತಂದರು. ಅದು ಕುಲಕಸುಬಿಗೆ ಮಕ್ಕಳನ್ನು ಕಟ್ಟಿಹಾಕುವ ಶಿಕ್ಷಣವೆಂದು ತೀವ್ರ ವಿರೋಧ ಎದ್ದಿತು. 1954ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಆ ವಿರೋಧ ನ್ಯಾಯವಾದದ್ದು. ಕುಂಬಾರನ ಮಗನಿಗೆ ಕುಂಬಾರಿಕೆ, ವಕೀಲನ ಮಗನಿಗೆ ಓದು ಎಂದರೆ ಅದು ಶರಣರು ಮುರಿದ ವ್ಯವಸ್ಥೆಯೇ ಹೊಸ ಹೆಸರಿನಲ್ಲಿ ಮರಳಿದಂತೆ. ನಾವು ಬಯಸಬೇಕಾದದ್ದು ಇದಕ್ಕೆ ವಿರುದ್ಧವಾದುದು: ವಕೀಲರ ಮಗಳೂ ತಿಗರಿಯ ಮುಂದೆ ಕೂರಬೇಕು, ಕುಂಬಾರರ ಮಗನೂ ವಾಸ್ತುಶಿಲ್ಪಿಯಾಗುವ ಕನಸು ಕಾಣಬೇಕು. ಎಲ್ಲರಿಗೂ ಎಲ್ಲ ಕೆಲಸ ತಿಳಿದಾಗಲೇ ಯಾವ ಕೆಲಸವೂ ಒಂದು ಜಾತಿಯ ಗುರುತಾಗಿ ಉಳಿಯುವುದಿಲ್ಲ.

ಮಠಗಳ ಪರಂಪರೆ, ಮಠಗಳ ಹೊಣೆ

ಕಲೆಗೆ ಆಶ್ರಯ ನೀಡುವುದು ಮಠಗಳಿಗೆ ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಹಾಗೂ ಬಡ ಮಕ್ಕಳಿಗೆ ಅನ್ನದ ಜೊತೆಗೆ ಸಂಗೀತ ವಿದ್ಯೆಯನ್ನು ಧಾರೆಯೆರೆದರು. ಪುಟ್ಟರಾಜ ಗವಾಯಿಗಳು ಅದನ್ನು ಮುನ್ನಡೆಸಿದರು. ಬಸವರಾಜ ರಾಜಗುರು ಅವರಂತಹ ಗಾಯಕರು ಆ ಪರಂಪರೆಯಿಂದ ಬಂದರು. ಸಾಣೇಹಳ್ಳಿಯ ಶ್ರೀಮಠದಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಆರಂಭಿಸಿದ ಶಿವಸಂಚಾರ ತಂಡವು ಹಳ್ಳಿಹಳ್ಳಿಗೆ ನಾಟಕಗಳನ್ನು ಕೊಂಡೊಯ್ದಿದೆ. ಆದರೆ ಮಠಗಳ ವಿದ್ಯಾಸಂಸ್ಥೆಗಳ ಹೆಮ್ಮೆ ಹೆಚ್ಚಾಗಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ನೆಲೆಸಿದೆ. ಆಶ್ರಮದಲ್ಲಿ, ರಂಗಶಾಲೆಯಲ್ಲಿ ನಡೆದ ಕೆಲಸ ಸಾಮಾನ್ಯ ಪ್ರೌಢಶಾಲೆಯ ತರಗತಿಗೆ ಇಳಿಯಬೇಕಾಗಿದೆ.

ಮಕ್ಕಳ ಜೀವನೋಪಾಯ ಏನೆಂಬ ಪಾಲಕರ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಹತ್ತನೆಯ ತರಗತಿಯಲ್ಲಿ ಪ್ರತಿಯೊಂದು ಅಂಕವೂ ಬಡವನ ಮನೆಗೆ ಒಂದು ಮೆಟ್ಟಿಲು. ಆದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆ, ಐಐಟಿಗಳ ವಿನ್ಯಾಸ ಪದವಿಗಾಗಿ ನಡೆಯುವ ಯುಸೀಡ್ ಪರೀಕ್ಷೆ, ವಾಸ್ತುಶಿಲ್ಪದ ನಾಟಾ ಪರೀಕ್ಷೆ ಇವೆಲ್ಲವೂ ರೇಖಾಚಿತ್ರ ಸಾಮರ್ಥ್ಯವನ್ನು, ಸೂಕ್ಷ್ಮ ಅವಲೋಕನವನ್ನು ಅಳೆಯುತ್ತವೆ. ಪ್ರೌಢಶಾಲೆಯಲ್ಲಿ ಪೆನ್ಸಿಲ್ ಹಿಡಿಯದ ಗ್ರಾಮೀಣ ವಿದ್ಯಾರ್ಥಿ ಆ ಬಾಗಿಲುಗಳವರೆಗೆ ತಲುಪುವುದೇ ಕಷ್ಟ. ಅಂಕಗಳಿಗಾಗಿ ಕಲೆಯನ್ನು ಬಿಟ್ಟುಕೊಟ್ಟವರು ಅರಿವಿಲ್ಲದೆ ಕೆಲವು ಉದ್ಯೋಗಗಳನ್ನೂ ಬಿಟ್ಟುಕೊಟ್ಟಿರುತ್ತಾರೆ.

ಸರ್ಕಾರದ ಆದೇಶಕ್ಕೆ ಕಾಯದೆ ನಮ್ಮ ಸಂಸ್ಥೆಗಳು ಮಾಡಬಹುದಾದದ್ದು ಸಾಕಷ್ಟಿದೆ. ವಾರಕ್ಕೆ ಎರಡು ಕಲಾ ಅವಧಿಗಳನ್ನು ಮಾರ್ಚ್‌ವರೆಗೂ ಬೇರೆ ವಿಷಯಕ್ಕೆ ಕೊಡದೆ ಉಳಿಸಿಕೊಳ್ಳಬಹುದು. ಒಂದು ಊರಿನ ಎರಡು ಮೂರು ಶಾಲೆಗಳು ಸೇರಿ ಒಬ್ಬ ಅರ್ಹ ಕಲಾಶಿಕ್ಷಕರನ್ನು ನೇಮಿಸಿಕೊಳ್ಳಬಹುದು. ಸಮೀಪದ ನೇಕಾರ, ಮೇದಾರ, ಬಡಗಿಯನ್ನು ಅತಿಥಿ ಗುರುವಾಗಿ ಆಹ್ವಾನಿಸಿ ಸಂಭಾವನೆಯನ್ನೂ ಸನ್ಮಾನವನ್ನೂ ನೀಡಬಹುದು. ಬಸವ ಜಯಂತಿಯಂದು ಹೆಚ್ಚು ಅಂಕ ಪಡೆದವರ ಜೊತೆಗೆ, ತನ್ನ ಕೈಯಿಂದ ಊರಿಗೆ ಉಪಯುಕ್ತವಾದ ವಸ್ತುವೊಂದನ್ನು ರೂಪಿಸಿದ ಮಗುವನ್ನೂ ವೇದಿಕೆಗೆ ಕರೆಯಬಹುದು. ಭಕ್ತರು ತಮ್ಮ ದಾಸೋಹದ ಒಂದು ಪಾಲನ್ನು ಬಣ್ಣ, ವಾದ್ಯ, ಮಗ್ಗ, ಉಪಕರಣಗಳಿಗೆ ಮೀಸಲಿಡಬಹುದು.

ಮೊರ ಹೆಣೆದವನನ್ನು ಬಸವಣ್ಣನವರು ಅನುಭವ ಮಂಟಪಕ್ಕೆ ಕರೆದು ಸಮಾನ ಪೀಠ ಕೊಟ್ಟರು. ಅವನ ವಿದ್ಯೆಗೆ ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಅವಧಿಯನ್ನು ಕೊಡುವುದು ನಮ್ಮ ಪಾಲಿಗೆ ಉಳಿದಿರುವ ಕೆಲಸ.